ಯಾವ ವರ್ಷಕ್ಕೂ ಸೇರದ ಮೂರು ತಿಂಗಳು

ಒಂದು ಕಾಡಿನಲ್ಲಿ ಮೂರು ತಿಂಗಳು ಕಳುವಾದವು. ಹಣ್ಣು ಕದ್ದ ಕೋತಿಯ ಕಥೆ ನೀವು ಕೇಳಿದ್ದೀರಿ, ಮೊಟ್ಟೆ ಕದ್ದ ಹಾವಿನ ಕಥೆಯನ್ನೂ ಕೇಳಿದ್ದೀರಿ. ತಿಂಗಳು ಕದ್ದವನ ಕಥೆ ಕೇಳಿರಲಿಕ್ಕಿಲ್ಲ. ಈ ಕಥೆ ಹೇಳಲು ಕೂತಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬರಲಿ ಬಿಡಿ. ಸಿಟ್ಟಿಲ್ಲದೆ ಹೇಳುವ ಕಥೆ ಇದಲ್ಲ.

ಆ ಕಾಡಿನ ನಡುವೆ ಒಂದು ದೊಡ್ಡ ಬಂಡೆ ಇತ್ತು. ಬಂಡೆಯ ಅಡಿಯಲ್ಲಿ ಒಂದು ಗವಿ. ಅದೇ ಕಾಡಿನ ಉಗ್ರಾಣ. ಯಾವ ಪ್ರಾಣಿಯೇ ಆಗಲಿ, ಹತ್ತು ಬುಟ್ಟಿ ಕಾಯಿ ಕಾಳು ಕೂಡಿಸಿದರೆ ಒಂದು ಬುಟ್ಟಿ ತಂದು ಅಲ್ಲಿ ಇಡಬೇಕು. ಬುಟ್ಟಿಗಳನ್ನು ಗೀಜಗ ಹಕ್ಕಿಗಳು ಹುಲ್ಲಿನಲ್ಲಿ ಹೆಣೆದು ಕೊಡುತ್ತಿದ್ದವು. ಬೇಸಿಗೆ ಬಂದು ಕಾಡು ಒಣಗಿದಾಗ, ಕೈಲಾಗದವರು, ಮರಿಯಿರುವವರು, ಮುದಿಯಾದವರು ಆ ಉಗ್ರಾಣದಿಂದ ಹತ್ತು ದಿನಕ್ಕೊಂದು ಬುಟ್ಟಿ ತೆಗೆದುಕೊಂಡು ಹೋಗುತ್ತಿದ್ದರು. ಬೇಡಿ ತರುವ ಮಾತಲ್ಲ ಅದು. ತಾವೇ ಇಟ್ಟದ್ದನ್ನು ತಾವೇ ತರುವುದು.

ಉಗ್ರಾಣಕ್ಕೆ ಲೆಕ್ಕವೂ ಇತ್ತು. ಬಂಡೆಯ ಮುಂದೆ ಒಣಗಿದ ಮರಗಳ ಒಂದು ಸಾಲು. ಒಂದು ವರ್ಷಕ್ಕೆ ಒಂದು ಮರ. ಬುಟ್ಟಿ ಒಳಗೆ ಬಂದರೆ ಮರಕುಟಿಗ ಆ ಮರದ ಬಲಗಡೆ ಒಂದು ಗುರುತು ಕುಕ್ಕುತ್ತಿತ್ತು. ಅದು ಜಮೆ. ಬುಟ್ಟಿ ಹೊರಗೆ ಹೋದರೆ ಎಡಗಡೆ ಒಂದು ಗುರುತು. ಅದು ಖರ್ಚು. ಮುತ್ತುಗದ ಮರ ಹೂಬಿಟ್ಟು ಕಾಡೆಲ್ಲ ಕೆಂಪಾದ ದಿನ ವರ್ಷ ಮುಗಿಯುತ್ತಿತ್ತು. ಅವತ್ತು ಎಲ್ಲ ಪ್ರಾಣಿಗಳೂ ಬಂಡೆಯ ಮುಂದೆ ಸೇರುತ್ತಿದ್ದವು. ಮರಕುಟಿಗ ಗಟ್ಟಿಯಾಗಿ ಲೆಕ್ಕ ಓದುತ್ತಿತ್ತು. ಆಮೇಲೆ ಆ ಮರದ ಸುತ್ತ ಒಂದು ಉಂಗುರ ಕೊರೆದು ವರ್ಷವನ್ನು ಮುಚ್ಚುತ್ತಿತ್ತು. ಉಳಿದ ಬುಟ್ಟಿಗಳನ್ನು ಅದೇ ಬೆಳಗ್ಗೆ ಪಕ್ಕದ ಮರದ ಬುಡದಲ್ಲಿ ಮೊದಲ ಗುರುತಾಗಿ ಕುಕ್ಕುತ್ತಿತ್ತು. ಹಳೆಯ ಮರ ಎಲ್ಲಿ ಬಿಟ್ಟಿತೋ ಹೊಸ ಮರ ಅಲ್ಲಿಂದಲೇ ಶುರು.

ಇದಕ್ಕೆಲ್ಲ ಒಂದು ವರ್ಷ ಯಾಕೆ ಬೇಕು, ತಿಂಗಳಿಗೊಮ್ಮೆ ನೋಡಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ನೆಲ್ಲಿಕಾಯಿಯ ಕಾಲದಲ್ಲಿ ಗವಿಯೊಳಗೆ ಇಣುಕಿದರೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆಗ ನೋಡಿದವರು ನಾವೇ ಶ್ರೀಮಂತರು ಎಂದುಕೊಳ್ಳುತ್ತಿದ್ದರು. ಬೇಸಿಗೆಯ ಕೊನೆಗೆ ಇಣುಕಿದರೆ ಬರೀ ನೆಲ ಕಾಣುತ್ತಿತ್ತು. ಆಗ ನೋಡಿದವರು ನಾವು ಕೆಟ್ಟೆವು ಎಂದು ಅಳುತ್ತಿದ್ದರು. ಎಲ್ಲ ಕಾಲಗಳೂ ಒಂದೊಂದು ಸಲ ಬಂದುಹೋದ ಮೇಲೆ ನೋಡಿದರೆ ಮಾತ್ರ ಕಾಡು ಗಳಿಸಿದ್ದೆಷ್ಟು, ತಿಂದದ್ದೆಷ್ಟು, ಮಿಗಿಸಿದ್ದೆಷ್ಟು ಎಂದು ಗೊತ್ತಾಗುತ್ತಿತ್ತು. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಿ ನೋಡುವುದಕ್ಕೂ ಆಗುತ್ತಿತ್ತು. ಹಿರಿಯರು ದಡ್ಡರಾಗಿರಲಿಲ್ಲ. ದಡ್ಡತನ ಆಮೇಲೆ ಬಂತು.

ಉಗ್ರಾಣದ ಬಾಗಿಲಲ್ಲಿ ಕೂರುವ ಯಜಮಾನನನ್ನೂ ಅದೇ ಮುತ್ತುಗದ ದಿನ ಆರಿಸುತ್ತಿದ್ದರು. ಈ ಹೂವಿನಿಂದ ಮುಂದಿನ ಹೂವಿನವರೆಗೆ ನೀನು, ಎಂದು ಎಲ್ಲರೂ ಹೇಳಬೇಕು. ನಾಲ್ಕು ವರ್ಷದಿಂದ ಆ ಜಾಗದಲ್ಲಿ ಕೂತಿದ್ದವನು ಗಂಧಪ್ಪ ಎಂಬ ಪುನುಗಿನ ಬೆಕ್ಕು. ಅವನು ಬಂದರೆ ಸುವಾಸನೆ, ಹೋದರೆ ಸುವಾಸನೆ. ಮಾತು ಇನ್ನೂ ಸುವಾಸನೆ. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರೂ ಅವನಿಗೆ ಅಣ್ಣ, ಅಕ್ಕ, ಅಯ್ಯ. ಕಾಡಿನ ಹಿರಿಯ ಕಾಟಿ, ಅಂದರೆ ಕಾಡುಕೋಣ, ದೊಡ್ಡಯ್ಯನಿಗಂತೂ ಗಂಧಪ್ಪ ಎಂದರೆ ಪ್ರಾಣ. ದೊಡ್ಡಯ್ಯ ಒಳ್ಳೆಯವನು. ಆದರೆ ಲೆಕ್ಕ ಓದಲು ಶುರುಮಾಡಿದರೆ ಅವನಿಗೆ ತೂಕಡಿಕೆ ಬರುತ್ತಿತ್ತು.

ಆ ವರ್ಷ ಕಾಡಿನ ಬಿದಿರು ಹೂಬಿಟ್ಟಿತು. ಬಿದಿರು ಹೂಬಿಡುವುದು ನಲವತ್ತು ವರ್ಷಕ್ಕೊಂದು ಸಲ. ಮೆಳೆ ಮೆಳೆಯೆಲ್ಲ ಬಿದಿರಕ್ಕಿ ಉದುರಿತು. ಇಲಿಗಳೂ ತಿಂದವು, ಕಾಡುಕೋಳಿಗಳೂ ತಿಂದವು, ಮುಸುವಗಳೂ ತಿಂದವು. ಎಲ್ಲರೂ ತಿಂದು ಉಳಿದದ್ದನ್ನು ಬುಟ್ಟಿ ಬುಟ್ಟಿಯಾಗಿ ಉಗ್ರಾಣಕ್ಕೆ ತಂದು ಹಾಕಿದರು. ಗವಿ ತುಂಬಿತು. ಆದರೆ ಹೂಬಿಟ್ಟ ಬಿದಿರು ಒಣಗಿ ಸಾಯುತ್ತದೆ. ಮುಂದಿನ ವರ್ಷ ಅಕ್ಕಿಯೂ ಇಲ್ಲ, ಎಳೆ ಬಿದಿರಿನ ಕಳಲೆಯೂ ಇಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಗಂಧಪ್ಪನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಕಾಡು ಹಸಿದಾಗ ಅಕ್ಕಿ ಯಾರ ಬಿಲದಲ್ಲಿ ಇರುತ್ತದೋ ಎಲ್ಲರೂ ಅವನ ಕಾಲು ಹಿಡಿಯುತ್ತಾರೆ ಎಂದು ಅವನು ಲೆಕ್ಕ ಹಾಕಿದ. ಉಗ್ರಾಣದ ಲೆಕ್ಕವಲ್ಲ, ತನ್ನ ಲೆಕ್ಕ.

ಮುತ್ತುಗ ಹೂಬಿಟ್ಟಿತು. ಎಲ್ಲರೂ ಸೇರಿದರು. ಮರಕುಟಿಗ ಲೆಕ್ಕ ಓದಿ, ಎಲ್ಲ ಖರ್ಚು ಕಳೆದು ಉಗ್ರಾಣದಲ್ಲಿ ಉಳಿದದ್ದು ನೂರ ನಲವತ್ಮೂರು ಬುಟ್ಟಿ ಎಂದಿತು. ಅಷ್ಟು ಯಾವ ವರ್ಷವೂ ಉಳಿದಿರಲಿಲ್ಲ. ಎಲ್ಲರಿಗೂ ಖುಷಿ. ಮರಕುಟಿಗ ಮರದ ಸುತ್ತ ಉಂಗುರ ಕೊರೆದು ವರ್ಷ ಮುಚ್ಚಿತು. ಇನ್ನೇನು ಪಕ್ಕದ ಮರಕ್ಕೆ ಹಾರಬೇಕು, ಅಷ್ಟರಲ್ಲಿ ಗಂಧಪ್ಪ ಎದ್ದು ನಿಂತ.

"ಒಂದು ಮಾತು. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಈ ಹೊತ್ತಲ್ಲಿ ಬಿಸಿಲು, ಸೆಕೆ, ಎಲ್ಲರಿಗೂ ನೀರು ಹುಡುಕೋ ಗಡಿಬಿಡಿ. ಲೆಕ್ಕ ಕೇಳೋಕೆ ಯಾರಿಗೆ ಮನಸ್ಸಿರುತ್ತೆ? ಹುಲ್ಲು ಚಿಗುರೋದು ಮಳೆಗೆ. ಹಕ್ಕಿ ಗೂಡು ಕಟ್ಟೋದು ಮಳೆಗೆ. ಕಪ್ಪೆ ಬಾಯಿ ಬಿಡೋದು ಮಳೆಗೆ. ನಮ್ಮ ವರ್ಷ ಒಂದು ಯಾಕೆ ಈ ಸುಡು ಬಿಸಿಲಲ್ಲಿ ಹುಟ್ಟಬೇಕು? ಹಳೇ ವರ್ಷ ಇವತ್ತಿಗೆ ಮುಗೀತು. ಹೊಸ ವರ್ಷ ಮೊದಲ ದೊಡ್ಡ ಮಳೆಗೆ ಶುರುವಾಗಲಿ. ಮಳೆ ಬಿದ್ದ ಹತ್ತನೇ ದಿನ ತಂಪಾಗಿ ಕೂತು ಹೊಸ ಮರ ಓದೋಣ."

ಮಾತು ಎಷ್ಟು ಚೆನ್ನಾಗಿತ್ತು ನೋಡಿ. ಕಪ್ಪೆಗಳು ಕುಣಿದವು. ಗೀಜಗಗಳು ಹೌದು ಹೌದು ಎಂದವು. ಅಷ್ಟು ಹೊತ್ತು ತೂಕಡಿಸುತ್ತಿದ್ದ ದೊಡ್ಡಯ್ಯ ಕಣ್ಣು ಬಿಟ್ಟು, ಒಳ್ಳೆ ಯೋಚನೆ ಎಂದು ಕೊಂಬು ಆಡಿಸಿದ. ಮೊದಲ ಮಳೆಯಿಂದ ಮುಂದಿನ ವರ್ಷದ ಮೊದಲ ಮಳೆಯವರೆಗೆ ಗಂಧಪ್ಪನೇ ಯಜಮಾನ ಎಂದೂ ಆಯಿತು. ಒಪ್ಪಿದವರು ಕಾಲು ಎತ್ತಿ ಎಂದಾಗ ಇಡೀ ಕಾಡು ಕಾಲು ಎತ್ತಿತು. ಮುತ್ತುಗದ ಹೂವಿಗೂ ಮೊದಲ ಮಳೆಗೂ ನಡುವೆ ಮೂರು ತಿಂಗಳಿದೆಯಲ್ಲ, ಅದು ಯಾವ ವರ್ಷಕ್ಕೆ ಸೇರಿತು ಎಂದು ಒಬ್ಬರೂ ಕೇಳಲಿಲ್ಲ. ಉಗ್ರಾಣದಿಂದ ಬುಟ್ಟಿ ಹೊರಗೆ ಹೋಗುವುದೇ ಆ ಮೂರು ತಿಂಗಳಲ್ಲಿ. ಆದರೂ ಕೇಳಲಿಲ್ಲ.

ಒಬ್ಬರೂ ಕೇಳಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಮರಕುಟಿಗನಿಗೆ ಅನುಮಾನ ಬಂದಿತ್ತು. ಎಲ್ಲರೂ ಎದ್ದು ಹೋದ ಮೇಲೆ ಅದು ಗಂಧಪ್ಪನ ಹತ್ತಿರ ಬಂದು, ಇಲ್ಲಿಂದ ಮಳೆಯವರೆಗೆ ನಾನು ಯಾವ ಮರದಲ್ಲಿ ಕುಕ್ಕಲಿ ಎಂದು ಕೇಳಿತು. ಹಳೆಯ ಮರಕ್ಕೆ ಉಂಗುರ ಬಿದ್ದಿದೆ, ಅದನ್ನು ಮುಟ್ಟುವ ಹಾಗಿಲ್ಲ, ಹೊಸ ಮರ ಮಳೆಗೆ ಶುರು, ಅಲ್ಲಿಯವರೆಗೆ ನಿನ್ನ ಕೊಕ್ಕಿಗೆ ರಜ ಎಂದ ಗಂಧಪ್ಪ. ರಜ ಎಂದ ಕೂಡಲೇ ಮರಕುಟಿಗನ ಅನುಮಾನ ಹಾರಿಹೋಯಿತು. ಹೇಳಿದ್ದನ್ನು ಕುಕ್ಕುವುದಷ್ಟೇ ನನ್ನ ಕೆಲಸ ಎಂದುಕೊಂಡು ಅದು ಹೊಳೆಯ ಕಡೆ ಹೋಯಿತು. ಗಂಧಪ್ಪನ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ ಈ ಮರಕುಟಿಗನ ಮೇಲೂ ಅಷ್ಟೇ ಸಿಟ್ಟಿದೆ. ಗೊತ್ತಿಲ್ಲದೆ ಸುಮ್ಮನಿದ್ದವರನ್ನು ಕ್ಷಮಿಸಬಹುದು. ಗೊತ್ತಿದ್ದೂ ರಜಕ್ಕೆ ಆಸೆಪಟ್ಟು ಸುಮ್ಮನಾದವರನ್ನು ಏನು ಮಾಡುವುದು?

ಆ ಕಾಡಿನಲ್ಲಿ ಚೌಡಮ್ಮ ಎಂಬ ಮುಳ್ಳುಹಂದಿ ಇದ್ದಳು. ಗಂಡನನ್ನು ಚಿರತೆ ಹಿಡಿದಿತ್ತು. ಎರಡು ಮರಿಗಳು. ದೊಡ್ಡವನು ದುಂಡ, ಚಿಕ್ಕವಳು ಚಿಣ್ಣಿ. ಚಳಿಗಾಲದ ಕೊನೆಯಲ್ಲಿ ಒಂದು ಕಲ್ಲು ಉರುಳಿ ಚೌಡಮ್ಮನ ಮುಂಗಾಲು ಜಜ್ಜಿಹೋಗಿತ್ತು. ಗೆಡ್ಡೆ ಅಗೆದು ತಿನ್ನುವ ಪ್ರಾಣಿಗೆ ಮುಂಗಾಲಿಲ್ಲದಿದ್ದರೆ ಬದುಕೇ ಇಲ್ಲ. ಆದರೂ ಅವಳು ಹೆದರಿರಲಿಲ್ಲ. ಗಂಡ ಇದ್ದಾಗ ಇಬ್ಬರೂ ಸೇರಿ ಉಗ್ರಾಣಕ್ಕೆ ಇಪ್ಪತ್ತು ಬುಟ್ಟಿ ಹಾಕಿದ್ದರು. ಬೇಸಿಗೆ ದಾಟಲು ಒಂಬತ್ತು ಬುಟ್ಟಿ ಸಾಕು. ಸಭೆಯಲ್ಲಿ ಎಲ್ಲರ ಜೊತೆ ಅವಳೂ ತನ್ನ ನೆಟ್ಟಗಿದ್ದ ಕಾಲನ್ನು ಎತ್ತಿದ್ದಳು.

ಹತ್ತು ದಿನ ಕಳೆದು ಅವಳು ಕುಂಟುತ್ತಾ ಉಗ್ರಾಣಕ್ಕೆ ಹೋದಳು. ಗಂಧಪ್ಪ ಬಾಗಿಲಲ್ಲೇ ಕೂತಿದ್ದ. ಅವಳ ಕಾಲು ನೋಡಿ ಲೊಚಗುಟ್ಟಿದ. ಮಕ್ಕಳ ಯೋಗಕ್ಷೇಮ ಕೇಳಿದ. ಬುಟ್ಟಿ ಮಾತ್ರ ಕೊಡಲಿಲ್ಲ.

"ಅಕ್ಕಾ, ನಿಮಗೆ ಇಲ್ಲ ಅಂತೀನಾ? ಆದ್ರೆ ಕೊಟ್ಟಿದ್ದನ್ನ ಎಲ್ಲಿ ಕುಕ್ಕಿಸಲಿ? ಹಳೇ ಮರ ಮುಚ್ಚಿದೆ. ಹೊಸ ಮರ ತೆರೆದಿಲ್ಲ. ಗುರುತಿಲ್ಲದೆ ಒಂದು ಕಾಳು ಕೊಟ್ರೂ ಅದು ಕಳ್ಳತನ ಆಗುತ್ತೆ. ನಾನು ಅಂಥವನಲ್ಲ. ಮೊದಲ ಮಳೆ ಬೀಳಲಿ, ಬನ್ನಿ."

ಮಾತು ನ್ಯಾಯವಾಗಿಯೇ ಇದ್ದ ಹಾಗಿತ್ತು. ಹೊಟ್ಟೆ ಮಾತ್ರ ಒಪ್ಪಲಿಲ್ಲ. ಚೌಡಮ್ಮ ವಾಪಸ್ ಬಂದಳು. ಇನ್ನೊಂದು ಹತ್ತು ದಿನ ಬಿದ್ದ ಎಲಚಿಕಾಯಿ, ಮರದ ತೊಗಟೆ ಎಂದು ಹೇಗೋ ದಬ್ಬಿದಳು. ಮತ್ತೆ ಹೋದಳು. ಈ ಸಲ ಚಿಣ್ಣಿಯನ್ನೂ ಕರೆದುಕೊಂಡು ಹೋದಳು. ಚಿಣ್ಣಿಯ ಮುಳ್ಳುಗಳು ಸಪ್ಪಗೆ ಬಿದ್ದಿದ್ದವು. ಗಂಧಪ್ಪ ಅದೇ ಮಾತು ಹೇಳಿದ. ಜೊತೆಗೆ, ನಿಮಗಿಂತ ಕಷ್ಟದಲ್ಲಿರುವವರು ಎಷ್ಟೋ ಜನ ಇದ್ದಾರೆ, ಅವರೆಲ್ಲ ತಡೆದುಕೊಂಡಿಲ್ಲವೇ ಎಂದೂ ಸೇರಿಸಿದ.

ಅವನು ಮೊಲಗಳಿಗೂ ಹಾಗೆಯೇ ಹೇಳಿದ. ಮುದಿ ಮುಸುವನಿಗೂ ಹಾಗೆಯೇ ಹೇಳಿದ. ಕಾಲುಮುರಿದ ಕೊಂಡಕುರಿಗೂ ಹಾಗೆಯೇ ಹೇಳಿದ. ಪ್ರತಿಯೊಬ್ಬರೂ ಉಳಿದವರು ತಡೆದುಕೊಂಡಿದ್ದಾರೆ, ನನಗೊಬ್ಬನಿಗೇ ಆಗುತ್ತಿಲ್ಲ ಎಂದುಕೊಂಡರು. ನಾಚಿಕೆಯಿಂದ ಯಾರ ಮುಂದೂ ಬಾಯಿ ಬಿಡಲಿಲ್ಲ. ಒಬ್ಬರಿಗೊಬ್ಬರು ಸಿಕ್ಕಾಗ ಹೊಟ್ಟೆ ಒಳಗೆಳೆದುಕೊಂಡು, ಚೆನ್ನಾಗಿದ್ದೇವೆ ಎಂದರು.

ಅತ್ತ ಗಂಧಪ್ಪ ಗವಿಯ ಹಿಂದಿನ ಬಿರುಕಿನಿಂದ ದಿನಾ ಒಂದು ಬುಟ್ಟಿ, ಎರಡು ಬುಟ್ಟಿ ಬಿದಿರಕ್ಕಿ ಹೊರಗೆ ಸಾಗಿಸುತ್ತಿದ್ದ. ತನ್ನ ಬಿಲದ ಮುಂದೆ ಗುಂಡಿ ತೋಡಿ, ಒಣ ಎಲೆ ಹಾಸಿ, ಅಕ್ಕಿ ಸುರಿದು, ಮೇಲೆ ಮಣ್ಣು ಮುಚ್ಚುತ್ತಿದ್ದ. ಗವಿ ಖಾಲಿಯಾಗುವುದು ಯಾರ ಮೂಗಿಗೂ ತಿಳಿಯಬಾರದೆಂದು ಬಾಗಿಲಿಗೆಲ್ಲ ತನ್ನ ಪುನುಗು ಉಜ್ಜಿದ್ದ. ಅಕ್ಕಿಯ ವಾಸನೆ ಇದೆಯೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಮಳೆ ತಡವಾದಷ್ಟೂ ಅವನಿಗೆ ಒಳ್ಳೆಯದು. ವರ್ಷವೇ ಇಲ್ಲದ ದಿನಗಳು ಅಷ್ಟು ಹೆಚ್ಚು ಸಿಗುತ್ತವೆ.

ಚೌಡಮ್ಮ ಕೊನೆಗೆ ದೊಡ್ಡಯ್ಯನ ಹತ್ತಿರ ಹೋದಳು. ಮರಿ ಏಳುತ್ತಿಲ್ಲ, ಒಂದು ಬುಟ್ಟಿ ಕೊಡಿಸಿ ಎಂದಳು. ದೊಡ್ಡಯ್ಯ ಕೆಸರಿನಲ್ಲಿ ಮಲಗಿದ್ದ. ಅವನಿಗೆ ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದ್ದಕ್ಕೆ ಅವನು ಎದ್ದೇನೂ ನಿಲ್ಲಲಿಲ್ಲ. ಸಭೆಯಲ್ಲಿ ಆದ ತೀರ್ಮಾನ, ನೀನೂ ಕಾಲು ಎತ್ತಿದವಳೇ ಅಲ್ಲವೇನಮ್ಮ, ಈಗ ನಾನೊಬ್ಬ ಮುರಿದರೆ ಹೇಗೆ ಎಂದ. ಇನ್ನೇನು ಮಳೆ ಬಂದೇ ಬಿಡುತ್ತದೆ ಎಂದು ಮೋಡವಿಲ್ಲದ ಆಕಾಶ ನೋಡಿದ.

ಚಿಣ್ಣಿ ಸತ್ತುಹೋದಳು. ಮಧ್ಯಾಹ್ನದ ಹೊತ್ತು, ಅಮ್ಮನ ಪಕ್ಕದಲ್ಲಿ ಮಲಗಿದ್ದವಳು ಮತ್ತೆ ಏಳಲಿಲ್ಲ. ಮಳೆಗೆ ಇನ್ನು ಎಂಟು ದಿನ ಇತ್ತು. ಚೌಡಮ್ಮ ಒಂದೇ ಕಾಲಿನಲ್ಲಿ ನೆಲ ಅಗೆದಳು. ದುಂಡನೂ ತನ್ನ ಪುಟ್ಟ ಕಾಲಿನಲ್ಲಿ ಅಗೆದ. ಗೆಡ್ಡೆಗಾಗಿ ಅಗೆಯಲಾಗದವಳು ಮಗಳಿಗಾಗಿ ಅಗೆದಳು. ಇದಕ್ಕಿಂತ ಹೆಚ್ಚು ಇಲ್ಲಿ ನಾನು ಹೇಳಲಾರೆ.

ಎಂಟನೆಯ ದಿನ ಮಧ್ಯಾಹ್ನ ಗುಡುಗು ಸಿಡಿಲಿನೊಂದಿಗೆ ಮೊದಲ ಮಳೆ ಬಂತು. ಇನ್ನೂ ಹದಿನೈದು ದಿನ ಇದೆ ಎಂದು ಗಂಧಪ್ಪ ಅಂದುಕೊಂಡಿದ್ದ. ಗುಂಡಿಯ ಅಕ್ಕಿಯನ್ನು ಒಣ ಪೊಟರೆಗಳಿಗೆ ಸಾಗಿಸುವ ಕೆಲಸ ಇನ್ನೂ ಶುರುವಾಗಿರಲಿಲ್ಲ. ವರ್ಷವನ್ನು ಮಳೆಗೆ ಕಟ್ಟಿದವನು ಮಳೆಯನ್ನು ಒಂದು ಮಾತು ಕೇಳಿರಲಿಲ್ಲ. ರಾತ್ರಿ ಹಗಲು ಸುರಿದು ಹಳ್ಳ ತುಂಬಿತು. ಎಲ್ಲ ಪ್ರಾಣಿಗಳೂ ಹೊಸ ಹುಲ್ಲಿಗೆ ಬಾಯಿ ಹಾಕಿದವು. ಹಸಿವು ಮರೆತುಹೋಯಿತು. ಹಸಿವು ಮರೆತರೆ ಪ್ರಶ್ನೆಯೂ ಮರೆಯುತ್ತದೆ ಎಂದು ಗಂಧಪ್ಪ ನಂಬಿದ್ದ. ಅಲ್ಲಿಗೆ ಅವನ ಲೆಕ್ಕ ಸರಿಯಾಗಿಯೇ ಇತ್ತು.

ಹತ್ತನೆಯ ದಿನ ಎಲ್ಲರೂ ಬಂಡೆಯ ಮುಂದೆ ಸೇರಿದರು. ಮರಕುಟಿಗ ಹೊಸ ಮರದ ಮೇಲೆ ಕೂತು ಓದಿತು. ಹೊಸ ವರ್ಷದ ಮೊದಲ ಗುರುತು, ಮೂವತ್ತೊಂದು ಬುಟ್ಟಿ. ಹಳೆಯ ಮರದಲ್ಲಿ ಎಷ್ಟಿತ್ತೆಂದು ಯಾರಿಗೂ ನೆನಪಿರಲಿಲ್ಲ. ದೊಡ್ಡಯ್ಯ ಆಗಲೇ ಅರ್ಧ ಕಣ್ಣು ಮುಚ್ಚಿದ್ದ. ಆಗ ಚೌಡಮ್ಮ ಕುಂಟುತ್ತಾ ಮುಂದೆ ಬಂದಳು. ಪಕ್ಕದ ಹಳೆಯ ಮರದ ಉಳಿಕೆಯನ್ನೂ ಒಂದು ಸಲ ಓದು ಎಂದು ಮರಕುಟಿಗನಿಗೆ ಹೇಳಿದಳು. ಮರಕುಟಿಗ ಗಂಧಪ್ಪನ ಮುಖ ನೋಡಿತು. ಚೌಡಮ್ಮ, ನನ್ನ ಮುಖ ನೋಡಿ ಓದು ಎಂದಳು. ಅದು ಓದಲೇಬೇಕಾಯಿತು. ನೂರ ನಲವತ್ಮೂರು.

ಸಭೆಯಲ್ಲಿ ಗುಜುಗುಜು ಎದ್ದಿತು. ಗಂಧಪ್ಪ ನಗುತ್ತಲೇ ಇದ್ದ.

"ಅಕ್ಕಾ, ಅದು ಹಳೇ ವರ್ಷ. ಇದು ಹೊಸ ವರ್ಷ. ಎರಡನ್ನೂ ಒಂದಕ್ಕೊಂದು ಗಂಟು ಹಾಕಬಾರದು."

"ನಡುವೆ?"

"ನಡುವೆ ವರ್ಷವೇ ಇಲ್ವಲ್ಲ. ಇಲ್ಲದ ವರ್ಷಕ್ಕೆ ಲೆಕ್ಕ ಎಲ್ಲಿಂದ ತರಲಿ? ಮನಸ್ಸು ತಡೀಲಿಲ್ಲ, ಕಷ್ಟದಲ್ಲಿದ್ದೋರಿಗೆ ಗುರುತಿಲ್ಲದೇನೇ ಕೊಟ್ಟೆ. ಅದು ನನ್ನ ತಪ್ಪು ಅಂದ್ರೆ ತಪ್ಪೇ."

ಅವನು ಕಣ್ಣೊರೆಸಿಕೊಂಡ. ಎರಡು ಮೂರು ಹಕ್ಕಿಗಳು ಅಯ್ಯೋ ಪಾಪ ಎಂದವು. ಚೌಡಮ್ಮ ಸಭೆಯ ಕಡೆ ತಿರುಗಿದಳು. ಬುಟ್ಟಿ ಸಿಕ್ಕಿದವರು ಯಾರು ಎಂದು ಕೇಳಿದಳು. ಮೊಲಗಳು ತಲೆ ತಗ್ಗಿಸಿದವು. ಮುದಿ ಮುಸುವ ಇಲ್ಲ ಎಂದು ತಲೆಯಾಡಿಸಿದ. ಕೊಂಡಕುರಿ, ಉಳಿದವರಿಗೆ ಸಿಕ್ಕಿರಬೇಕು ಅಂದುಕೊಂಡಿದ್ದೆ ಎಂದಿತು. ಅವಳು ಒಬ್ಬೊಬ್ಬರ ಹತ್ತಿರವೂ ಹೋಗಿ ಕೇಳಿದಳು. ಒಬ್ಬರಿಗೂ ಒಂದು ಕಾಳೂ ಸಿಕ್ಕಿರಲಿಲ್ಲ. ಮೂರು ತಿಂಗಳು ಒಬ್ಬೊಬ್ಬರೇ ಗುಟ್ಟಾಗಿ ಹಸಿದದ್ದು ಅವತ್ತು ಎಲ್ಲರಿಗೂ ಗೊತ್ತಾಯಿತು.

ಗಂಧಪ್ಪ ನಗುವುದನ್ನು ನಿಲ್ಲಿಸಿದ. ಹಾಗಾದರೆ ಗೆದ್ದಲು ತಿಂದಿರಬೇಕು ಎಂದ. ಚೌಡಮ್ಮ ಅವನ ಎದುರಿಗೆ ಬಂದು ನಿಂತಳು. ಅವಳ ದನಿ ಏರಲಿಲ್ಲ.

"ಗಂಧಪ್ಪ, ನನಗೆ ಒಂದು ಹೇಳು. ನನ್ನ ಚಿಣ್ಣಿ ಸತ್ತಿದ್ದು ಯಾವ ವರ್ಷದಲ್ಲಿ? ಹಳೇ ವರ್ಷದಲ್ಲಾ, ಹೊಸ ವರ್ಷದಲ್ಲಾ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ವರ್ಷವೇ ಇಲ್ಲ ಅಂದ್ರೆ ಅವಳು ಸತ್ತೇ ಇಲ್ಲ ಅಂತೀಯಾ? ಹಾಗಾದ್ರೆ ತಂದುಕೊಡು. ಇನ್ನೊಂದು ಮಾತು. ನಿನ್ನನ್ನ ಈ ಬಾಗಿಲಲ್ಲಿ ಕೂರಿಸಿದ್ದು ಹೋದ ಮುತ್ತುಗದಿಂದ ಈ ಮುತ್ತುಗದವರೆಗೆ. ಆಮೇಲೆ ಮಳೆಯಿಂದ ಮಳೆಯವರೆಗೆ. ನಡುವೆ ವರ್ಷ ಇಲ್ಲ ಅಂದ್ಮೇಲೆ ಆ ಮೂರು ತಿಂಗಳು ನೀನು ಯಜಮಾನನೂ ಅಲ್ಲ. ಯಜಮಾನ ಅಲ್ಲದೋನು ಬಾಗಿಲಲ್ಲಿ ಕೂತು ನನ್ನನ್ನ ಎರಡು ಸಲ ವಾಪಸ್ ಕಳಿಸಿದ್ದು ಯಾವ ಹಕ್ಕಿಂದ?"

ದೊಡ್ಡಯ್ಯ ಎದ್ದು ನಿಂತ. ಅವನ ತೂಕಡಿಕೆ ಪೂರ್ತಿ ಬಿಟ್ಟಿತ್ತು. ಕೆಸರಿನಲ್ಲಿ ಮಲಗಿ ತಾನು ಆಡಿದ ಮಾತು ಅವನಿಗೆ ಚುಚ್ಚುತ್ತಿತ್ತು. ಚುಚ್ಚಲಿ. ಅವನು ಗಂಧಪ್ಪನ ಮುಂಗಾಲುಗಳನ್ನು ನೋಡಿದ. ಸದಾ ಶುಚಿಯಾಗಿರುತ್ತಿದ್ದ ಆ ಕಾಲುಗಳಿಗೆ ಮೊಣಕಾಲಿನವರೆಗೆ ಹಸಿ ಮಣ್ಣು ಮೆತ್ತಿತ್ತು. ಹತ್ತು ದಿನದಿಂದ ಏನು ಅಗೆಯುತ್ತಿದ್ದೀಯ ಎಂದು ದೊಡ್ಡಯ್ಯ ಕೇಳಿದ. ಉತ್ತರಕ್ಕೆ ಕಾಯದೆ ಗಂಧಪ್ಪನ ಬಿಲದ ಕಡೆ ನಡೆದ. ಇಡೀ ಸಭೆ ಅವನ ಹಿಂದೆ ಹೊರಟಿತು.

ಬಿಲದ ಮುಂದೆ ಹೋಗಿ ಎಲ್ಲರೂ ನಿಂತುಬಿಟ್ಟರು. ಯಾರೂ ಹುಡುಕುವ ಕೆಲಸವೇ ಇರಲಿಲ್ಲ. ನೆಲದ ತುಂಬ ಬಿದಿರಿನ ಮೊಳಕೆ. ದುಂಡನೆಯ ಗುಂಡಿಗಳ ಅಳತೆಗೆ ಸರಿಯಾಗಿ, ಒತ್ತೊತ್ತಾಗಿ, ಭತ್ತದ ಸಸಿಮಡಿಯ ಹಾಗೆ ಹಸಿರಾಗಿ ಎದ್ದಿತ್ತು. ಗಂಧಪ್ಪ ದಿನಾ ಬೆಳಗ್ಗೆ ಎದ್ದು ಕಿತ್ತಿದ್ದ. ಕಿತ್ತ ಮೊಳಕೆಯ ರಾಶಿ ಒಂದು ಕಡೆ ಬಾಡಿ ಬಿದ್ದಿತ್ತು. ಕಿತ್ತಷ್ಟೂ ಮತ್ತೆ ಹುಟ್ಟಿತ್ತು. ವರ್ಷವೇ ಇಲ್ಲದ ತಿಂಗಳಲ್ಲಿ ಅವನು ಹೂತಿಟ್ಟದ್ದು ಅವನೇ ಆರಿಸಿದ ವರ್ಷದ ಮೊದಲ ಮಳೆಗೆ ಎಲ್ಲರ ಕಣ್ಣೆದುರು ಮೇಲೆ ಬಂದಿತ್ತು.

ಅಗೆದರು. ಒಂದೊಂದು ಗುಂಡಿಯಿಂದಲೂ ಮೂಗು ಮುಚ್ಚುವ ವಾಸನೆ ಬಂತು. ಅವನ ಪುನುಗಿಗೂ ಅದನ್ನು ಅಡಗಿಸಲು ಆಗಲಿಲ್ಲ. ಅಕ್ಕಿ ಕೊಳೆತು ಮುದ್ದೆಯಾಗಿತ್ತು. ಬಿಲದ ಪಕ್ಕದ ಕಲ್ಲಿನ ಮರೆಯಲ್ಲಿದ್ದ ಎರಡು ಗುಂಡಿಗಳಲ್ಲಿ ಮಾತ್ರ ನಲವತ್ತು ಬುಟ್ಟಿಯಷ್ಟು ಒಣಗಿ ಉಳಿದಿತ್ತು. ಅವನು ಸರಿಯಾಗಿ ತಿಂದಿರಲೂ ಇಲ್ಲ. ಯಾರಿಗೂ ಕೊಡದೆ, ತಾನೂ ತಿನ್ನದೆ ಕೊಳೆಸಿದ್ದ. ಚೌಡಮ್ಮ ಆ ಮುದ್ದೆಯನ್ನು ನೋಡುತ್ತಾ ನಿಂತಳು.

"ಇದರಲ್ಲಿ ಒಂದು ಹಿಡಿ ಸಾಕಾಗಿತ್ತು" ಎಂದಳು.

ಗಂಧಪ್ಪ ಕಾಲಿಗೆ ಬುದ್ಧಿ ಹೇಳಿದ. ಮೊಲಗಳು ದಾರಿ ಬಿಡುತ್ತವೆ ಎಂದುಕೊಂಡ, ಅವು ಬಿಡಲಿಲ್ಲ. ಮುಸುವನ ಕಡೆ ತಿರುಗಿದ, ಅವನೂ ಸರಿಯಲಿಲ್ಲ. ಕುಂಟಿ ಎಂದು ಚೌಡಮ್ಮನ ಕಡೆಗೇ ನುಗ್ಗಿದ. ಅವಳು ಓಡಲಿಲ್ಲ, ಸರಿಯಲೂ ಇಲ್ಲ. ಬೆನ್ನು ತಿರುಗಿಸಿ ಮುಳ್ಳು ಎತ್ತಿ ನಿಂತಳು. ಅವನು ಬಂದ ರಭಸಕ್ಕೆ ಏಳೆಂಟು ಮುಳ್ಳು ಅವನ ಮೂತಿಗೆ ನಾಟಿದವು. ಅಕ್ಕ ಅಯ್ಯ ಎನ್ನುತ್ತಿದ್ದ ಆ ಬಾಯಿಂದ ಆಮೇಲೆ ಸಿಹಿ ಮಾತು ಹೊರಡಲಿಲ್ಲ. ದೊಡ್ಡಯ್ಯ ಅವನನ್ನು ಕೊಂಬಿನ ತುದಿಯಲ್ಲಿ ತಳ್ಳುತ್ತಾ ಕಾಡಿನ ಗಡಿಯ ಹೊಳೆಯವರೆಗೆ ನಡೆಸಿದ. ಆಚೆ ದಡ ಹತ್ತಿದ ಮೇಲೆ ಗಂಧಪ್ಪ ತಿರುಗಿ ನಿಂತು, ತಪ್ಪಾಯ್ತು, ಮತ್ತೆ ಯಾವಾಗ ಬರಲಿ ಎಂದು ಕೇಳಿದ.

"ಯಾವ ವರ್ಷಕ್ಕೂ ಸೇರದ ತಿಂಗಳು ಬಂದಾಗ ಬಾ" ಎಂದ ದೊಡ್ಡಯ್ಯ.

ಅಂಥ ತಿಂಗಳು ಆ ಕಾಡಿಗೆ ಮತ್ತೆ ಬರಲಿಲ್ಲ. ಅವತ್ತೇ ತೀರ್ಮಾನವಾಯಿತು. ವರ್ಷ ಮುತ್ತುಗದ ಹೂವಿಗೇ ಮುಗಿಯಬೇಕು, ಅದೇ ಬೆಳಗ್ಗೆ ಮುಂದಿನದು ಶುರುವಾಗಬೇಕು. ಲೆಕ್ಕ ಒಪ್ಪಿಸಬೇಕಾದವನು ವರ್ಷದ ಕೊನೆಯ ದಿನದ ಬಗ್ಗೆ ಸಭೆಯಲ್ಲಿ ಬಾಯಿ ಹಾಕುವ ಹಾಗಿಲ್ಲ. ದೊಡ್ಡಯ್ಯ ಇದನ್ನು ಹೇಳುವಾಗ ತಲೆ ತಗ್ಗಿಸಿಕೊಂಡೇ ಹೇಳಿದ. ಚೌಡಮ್ಮನ ಮುಂದೆ ಹೋಗಿ, ನನ್ನಿಂದ ತಪ್ಪಾಯಿತಮ್ಮ ಎಂದ. ನಾನೂ ಕಾಲು ಎತ್ತಿದವಳೇ ಎಂದಷ್ಟೇ ಅವಳು ಹೇಳಿದಳು. ಅವಳು ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನಾಗಿದ್ದರೆ ಕ್ಷಮಿಸುತ್ತಿರಲಿಲ್ಲ.

ಇನ್ನು ಉಳಿದದ್ದು ಆ ಮೂರು ತಿಂಗಳು. ಅವನ್ನು ಹಾಗೇ ಬಿಡಬಾರದು, ಅವಕ್ಕೂ ಒಂದು ಮರ ಬೇಕು ಎಂದಳು ಚೌಡಮ್ಮ. ಹಳೆಯ ಮರಕ್ಕೂ ಹೊಸ ಮರಕ್ಕೂ ನಡುವೆ ಸಾಲಿಗೆ ಸೇರಿಸದೆ ಬಿಟ್ಟ ಒಂದು ಸಣ್ಣ ಒಣ ಮರ ಇತ್ತು. ಮರಕುಟಿಗ ಅದರ ಮೇಲೆ ಕೂತು, ಕೊಕ್ಕು ನೋಯುವವರೆಗೆ ಕುಕ್ಕಿತು. ಬುಡದಲ್ಲಿ ನೂರ ನಲವತ್ಮೂರು. ಎಡಗಡೆ ಖರ್ಚಿಗೆ ನೂರ ಹನ್ನೆರಡು. ಉಳಿಕೆ ಮೂವತ್ತೊಂದು. ಗುಂಡಿಯಿಂದ ಸಿಕ್ಕ ನಲವತ್ತನ್ನು ಹೊಸ ಮರದ ಜಮೆಗೆ ಹಾಕಿತು. ಎಲ್ಲ ಸರಿಹೋಯಿತು ಎಂದು ಅದು ಉಂಗುರ ಕೊರೆಯಲು ಹೊರಟಿತು.

"ನಿಲ್ಲು. ಇನ್ನೊಂದು ಗುರುತು ಬಾಕಿ ಇದೆ" ಎಂದಳು ಚೌಡಮ್ಮ.

ಎಷ್ಟು ಬುಟ್ಟಿ ಎಂದು ಮರಕುಟಿಗ ಕೇಳಿತು.

"ಬುಟ್ಟಿ ಅಲ್ಲ. ಚಿಣ್ಣಿ."

ಮರಕುಟಿಗ ಕೊಕ್ಕು ಎತ್ತಿ ಹಾಗೇ ಕೂತಿತು. ಅದನ್ನು ಯಾವ ಕಡೆ ಕುಕ್ಕಬೇಕೋ ಅದಕ್ಕೆ ತಿಳಿಯಲಿಲ್ಲ. ಅದು ಜೀವಮಾನವೆಲ್ಲ ಬುಟ್ಟಿಗಳನ್ನೇ ಎಣಿಸಿತ್ತು. ಚೌಡಮ್ಮ ತಾನೇ ಹೇಳಿದಳು.

"ಖರ್ಚಿನ ಕಡೆ ಕುಕ್ಕು. ನಾವೆಲ್ಲ ಸೇರಿ ಖರ್ಚು ಮಾಡಿದ್ದು ಅವಳನ್ನೇ."

ಮರಕುಟಿಗ ಎಡಗಡೆ ಒಂದು ಗುರುತು ಕುಕ್ಕಿತು. ಆ ಒಂದು ಸದ್ದು ಇಡೀ ಕಾಡಿಗೆ ಕೇಳಿಸಿತು. ಯಾರೂ ತಲೆ ಎತ್ತಲಿಲ್ಲ.

ನೀತಿ: ಲೆಕ್ಕ ಕೊಡಬೇಕಾದವನ ಕೈಗೆ ವರ್ಷದ ಮೊದಲನ್ನೂ ಕೊನೆಯನ್ನೂ ಒಪ್ಪಿಸಬೇಡಿ. ಲೆಕ್ಕದಿಂದ ಒಂದು ದಿನ ಹೊರಗೆ ಉಳಿದರೂ ಕಳ್ಳ ಅಲ್ಲೇ ಮನೆ ಮಾಡುತ್ತಾನೆ, ಅದರ ಬೆಲೆಯನ್ನು ಕೈಲಾಗದವರು ತೆರುತ್ತಾರೆ.